ಬೀಗದೊಳಗಿನ ಮರಿಹುಳು

ರಷ್ಯನ್ ಕಲಿಯಲು ತೊಡಗಿದ ಎರಡನೆಯ ವರ್ಷ, ಓದಿನ ಅಭ್ಯಾಸಕ್ಕೆಂದು ಬಾಗಿಲು ದುರಸ್ತಿಯ ಕೈಪಿಡಿಯೊಂದನ್ನು ಎತ್ತಿಕೊಂಡಿದ್ದೆ. ಅದರಲ್ಲಿದ್ದ ಮೂರೇ ಪದಗಳ ಸೂಚನೆಯೊಂದನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ‘ಕೋಟೆಯ ಮರಿಹುಳುವನ್ನು ಬದಲಾಯಿಸಿ’. ಕೋಟೆಯ ತಪ್ಪು ಬೇಗನೆ ಬಯಲಾಯಿತು. ‘ಜಾಮೊಕ್’ ಎಂದು ಮೊದಲ ಅಕ್ಷರವನ್ನು ಒತ್ತಿ ಹೇಳಿದರೆ ಕೋಟೆ, ‘ಜಮೋಕ್’ ಎಂದು ಎರಡನೆಯದನ್ನು ಒತ್ತಿದರೆ ಬೀಗ. ಬರಹದಲ್ಲಿ ಎರಡಕ್ಕೂ ಒಂದೇ ರೂಪ. ಆದರೆ ಬೀಗಕ್ಕೂ ಮರಿಹುಳುವಿಗೂ ಏನು ನಂಟು ಎಂಬುದು ಮಾತ್ರ ನಿಘಂಟು ತೆರೆಯುವವರೆಗೆ ಹೊಳೆಯಲಿಲ್ಲ.

ಆ ಪದ ‘ಲಿಚೀಂಕಾ’. ಕೀಟದ ಮರಿಹುಳುವಿಗೂ, ಕೀಲಿಕೈ ಹೊಕ್ಕು ತಿರುಗುವ ಬೀಗದ ಒಳಗಿನ ಸಿಲಿಂಡರಿಗೂ ರಷ್ಯನ್ನರು ಇದನ್ನೇ ಬಳಸುತ್ತಾರೆ. ಇದು ‘ಲಿಚೀನಾ’ ಎಂಬುದರ ಕಿರುರೂಪ. ಲಿಚೀನಾ ಎಂದರೆ ಮುಖವಾಡ. ಹಳೆಯ ಬೀಗಗಳಲ್ಲಿ ಕೀಲಿಕಿಂಡಿಯ ಮೇಲೆ ಹೊದಿಸುತ್ತಿದ್ದ ಲೋಹದ ತಗಡು ಬೀಗದ ಮುಖದಂತೆ ಕಾಣುತ್ತಿದ್ದುದರಿಂದ ಅದಕ್ಕೂ ಇದೇ ಹೆಸರಿತ್ತು. ಹುಳುವಿನ ಕಥೆಗೆ ಲ್ಯಾಟಿನ್ನಿಗೆ ಹೋಗಬೇಕು. ಅಲ್ಲಿ ‘ಲಾರ್ವಾ’ ಎಂದರೆ ಪ್ರೇತ, ಜೊತೆಗೆ ಮುಖವಾಡ. ಬೆಳೆದ ಕೀಟದ ನಿಜರೂಪವನ್ನು ಮರಿಹುಳುವಿನ ರೂಪ ಮರೆಮಾಡುತ್ತದೆಂಬ ಕಾರಣಕ್ಕೆ 18ನೆಯ ಶತಮಾನದಲ್ಲಿ ಲಿನೇಯಸ್ ಈ ಪದವನ್ನು ಕೀಟಶಾಸ್ತ್ರಕ್ಕೆ ತಂದ. ಇಂಗ್ಲಿಷ್ ಲ್ಯಾಟಿನ್ ಪದವನ್ನು ಇದ್ದ ಹಾಗೆಯೇ ಎತ್ತಿಕೊಂಡಿತು. ಹಾಗಾಗಿ ಲಾರ್ವಾ ಎನ್ನುವ ಇಂಗ್ಲಿಷ್ ಓದುಗನಿಗೆ ಅದರೊಳಗೆ ಮುಖವಾಡ ಕಾಣುವುದಿಲ್ಲ. ರಷ್ಯನ್ ಅದನ್ನು ತನ್ನದೇ ಮಾತಿಗೆ ತಿರುಗಿಸಿಕೊಂಡಿತು. ಅಲ್ಲಿ ಮುಖವಾಡ ಕಣ್ಣೆದುರಿಗೇ ಇದೆ.

ಅಂದಿನಿಂದ ಈ ಎರಡು ಭಾಷೆಗಳ ಮುಖವಾಡಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಚಾಳಿ ಹತ್ತಿದೆ. ನನಗೆ ಕಂಡ ಮುಖ್ಯ ವ್ಯತ್ಯಾಸ ಇದು: ಇಂಗ್ಲಿಷಿನಲ್ಲಿ ವ್ಯಕ್ತಿ ಹುಟ್ಟಿದ್ದು ಮುಖವಾಡದಿಂದ, ರಷ್ಯನ್ನಿನಲ್ಲಿ ಮುಖವಾಡ ಹುಟ್ಟಿದ್ದು ಮುಖದಿಂದ. ಇಂಗ್ಲಿಷಿನ ‘ಪರ್ಸನ್’ ಪದದ ಮೂಲ ಲ್ಯಾಟಿನ್ನಿನ ‘ಪೆರ್ಸೋನಾ’, ಅಂದರೆ ನಟ ಧರಿಸುತ್ತಿದ್ದ ಮುಖವಾಡ. ಅದು ಮೊದಲು ಪಾತ್ರವಾಗಿ, ಆಮೇಲೆ ಮನುಷ್ಯನೇ ಆಗಿ, ಕೊನೆಗೆ ನ್ಯಾಯಾಲಯದಲ್ಲೂ ವ್ಯಾಕರಣದಲ್ಲೂ ಬಂದು ಕುಳಿತಿತು. ರಷ್ಯನ್ನಿನಲ್ಲಿ ಇದೇ ಕೆಲಸಗಳನ್ನೆಲ್ಲ ಮಾಡುವುದು ‘ಲಿತ್ಸೋ’, ಅಂದರೆ ಮುಖ: ನಾಟಕದ ಪಾತ್ರ ‘ನಡೆದುಕೊಳ್ಳುವ ಮುಖ’, ಕಾನೂನಿನ ದೃಷ್ಟಿಯ ವ್ಯಕ್ತಿಯೂ ಒಂದು ಮುಖ, ಉತ್ತಮ ಪುರುಷ ಎಂಬುದು ‘ಮೊದಲ ಮುಖ’. ಅದೇ ಬೇರಿನಿಂದ ಒಡೆದ ಇನ್ನೊಂದು ಚಿಗುರು ಲಿಚೀನಾ. ಮುಖವಾಡವೆಂಬ ಪದದೊಳಗೇ ಮುಖವನ್ನು ಇಟ್ಟುಕೊಂಡಿರುವ ಕನ್ನಡ ಈ ವಿಷಯದಲ್ಲಿ ರಷ್ಯನ್ನಿನ ಪಕ್ಕದಲ್ಲೇ ನಿಲ್ಲುತ್ತದೆ.

ಯುರೋಪಿನಿಂದ ಬಂದ ‘ಮಾಸ್ಕಾ’ ರಷ್ಯನ್ನಿನಲ್ಲಿ ನೆಲೆಯೂರಿದ ಮೇಲೆ ಲಿಚೀನಾದ ಪಾಡು ಬದಲಾಯಿತು. ಆಸ್ಪತ್ರೆಯಲ್ಲಿ ಧರಿಸುವುದು, ಚರ್ಮದ ಕಾಂತಿಗೆ ಹಚ್ಚಿಕೊಳ್ಳುವ ಲೇಪ, ವೇಷಧಾರಿಗಳ ನೃತ್ಯಕೂಟದ ಮುಖವಾಡ ಎಲ್ಲವೂ ಈಗ ಮಾಸ್ಕಾ. ಲಿಚೀನಾಕ್ಕೆ ಉಳಿದದ್ದು ಬಹುಪಾಲು ಕೆಟ್ಟ ಅರ್ಥ: ‘ಗೆಳೆಯನ ಲಿಚೀನಾದಡಿ’ ಬಂದವನು ಶತ್ರುವೇ ಸರಿ. ಈ ಅಪಕೀರ್ತಿಗೆ ಹಳೆಯ ಹಿನ್ನೆಲೆಯೂ ಇದೆ. 1648ರಲ್ಲಿ ತ್ಸಾರ್ ಅಲೆಕ್ಸೇಯ್ ಮಿಖಾಯ್ಲೊವಿಚ್ ‘ಸ್ಕೊಮೊರೋಖ್’ ಎಂಬ ಊರೂರು ಅಲೆಯುವ ಆಟಗಾರರ ವಿರುದ್ಧ ಹೊರಡಿಸಿದ ಆಜ್ಞೆಯಲ್ಲಿ ಲಿಚೀನಾ ಧರಿಸುವುದನ್ನೂ ನಿಷೇಧಿಸಿದ್ದ. ಮುಖವಾಡಕ್ಕಿದ್ದ ಇನ್ನೊಂದು ಹಳೆಯ ಹೆಸರು ‘ಖಾರ್ಯಾ’ ಇಂದು ಬರೀ ಬೈಗುಳ. ನಮ್ಮ ‘ಮೂತಿ’ಗಿಂತ ಒಂದು ಕೈ ಹೆಚ್ಚೇ ಒರಟು. 1922ರಲ್ಲಿ ಪಾವೆಲ್ ಫ್ಲೊರೆನ್ಸ್ಕಿ ಎಂಬ ಪಾದ್ರಿ-ತತ್ತ್ವಜ್ಞ ದೇವಚಿತ್ರಗಳನ್ನು ಕುರಿತು ಬರೆಯುತ್ತ ಒಂದೇ ಬೇರಿನ ಮೂರು ಪದಗಳನ್ನು ಬಿಡಿಸಿಟ್ಟ: ‘ಲೀಕ್’ ದೈವಿಕ ಬೆಳಕು ತೋರುವ ಮುಖ, ‘ಲಿತ್ಸೋ’ ನಾವು ದಿನವೂ ಕಾಣುವ ಮುಖ, ‘ಲಿಚೀನಾ’ ಒಳಗೆ ಏನೂ ಇಲ್ಲದ ತೋರಿಕೆ. ಇಂಗ್ಲಿಷಿಗೆ ಈ ಭಾಗವನ್ನು ತರುವವರು ಪಡುವ ಪಾಡನ್ನು ಊಹಿಸಬಹುದು.

ಕಪಟಿಯನ್ನು ಹೆಸರಿಸುವಾಗಲೂ ಇದೇ ಕವಲು. ಇಂಗ್ಲಿಷಿನ ‘ಹಿಪೊಕ್ರಿಟ್’ ಗ್ರೀಕ್ ರಂಗದ ನಟನಿಂದ ಬಂದವನು. ರಷ್ಯನ್ನಿನ ‘ಲಿತ್ಸೆಮೇರ್’ ಪದದ ಆರಂಭದಲ್ಲಿ ಮತ್ತದೇ ಮುಖ. (ನಾವು ಕಥೆಯೊಂದರ ಪಾತ್ರದ ಹೆಸರನ್ನೇ ಹಿಡಿದು ಆಷಾಢಭೂತಿ ಎಂದುಬಿಟ್ಟೆವು, ಅದು ಬೇರೆಯೇ ಜಾಣತನ.)

ಎಲ್ಲ ಕಡೆಯೂ ಈ ಲೆಕ್ಕ ಕೂಡುವುದಿಲ್ಲ. ವಿಷಾನಿಲದಿಂದ ಕಾಯುವ ಸಾಧನ ಇಂಗ್ಲಿಷಿನಲ್ಲಿ ‘ಗ್ಯಾಸ್ ಮಾಸ್ಕ್’. ರಷ್ಯನ್ನಿನಲ್ಲಿ ಅದು ‘ಪ್ರೊತಿವೊಗಾಜ್’, ಅನಿಲವಿರೋಧಿ, ಮುಖದ ಸುಳಿವೇ ಇಲ್ಲ. ಅದೇ ರಷ್ಯನ್ ‘ಮಾಸ್ಕಿರೋವ್ಕಾ’ ಎನ್ನುವಾಗ ಮುಖವನ್ನು ದಾಟಿ ಇಡೀ ಸೈನ್ಯಕ್ಕೇ ಮುಸುಕು ಹೊದಿಸುತ್ತದೆ: ಟ್ಯಾಂಕಿನ ಮೇಲಿನ ಸೊಪ್ಪಿನಿಂದ ಹಿಡಿದು ಶತ್ರುವಿನ ದಿಕ್ಕು ತಪ್ಪಿಸುವ ತಂತ್ರದವರೆಗೆ ಎಲ್ಲವೂ ಅದರೊಳಗೆ ಬರುತ್ತದೆ. ಇಂಗ್ಲಿಷ್ ಸೇನಾಬರಹಗಳು ಆ ಪದವನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡಿವೆ.

ಮುಖವಾಡ ಹೋಗುವ ಬಗೆಯಲ್ಲೂ ನನಗೆ ಒಂದು ಒಲವು ಕಾಣುತ್ತದೆ. ಇಂಗ್ಲಿಷಿನಲ್ಲಿ ಅದು ಎಷ್ಟೋ ಸಲ ತಾನಾಗಿ ಜಾರುತ್ತದೆ, ಧರಿಸಿದವನು ಒಂದು ಕ್ಷಣ ಮೈಮರೆತಾಗ. ರಷ್ಯನ್ನಿನಲ್ಲಿ ನನಗೆ ಹೆಚ್ಚಾಗಿ ಸಿಗುವುದು ಬೇರೊಬ್ಬರು ಅದನ್ನು ಕಿತ್ತೆಸೆಯುವ ಮಾತು. 1908ರಲ್ಲಿ ಟಾಲ್‌ಸ್ಟಾಯ್ ಕುರಿತ ಲೇಖನದಲ್ಲಿ ಲೆನಿನ್ ಬಳಸಿದ, ಎಲ್ಲ ಬಗೆಯ ಮುಖವಾಡಗಳನ್ನು ಕಿತ್ತೆಸೆಯುವುದು ಎಂಬ ನುಡಿಗಟ್ಟು ಸೋವಿಯತ್ ವಿಮರ್ಶೆಯಲ್ಲಿ ಸವೆದುಹೋಗುವಷ್ಟು ಓಡಾಡಿತು.

ನನ್ನ ನಿಘಂಟಿನ ಅಂಚಿನಲ್ಲಿ ಈಗ ಮಾಸ್ಕಾದ ಎದುರು ‘ಮುಖವಾಡ’ ಎಂದೂ, ಲಿಚೀನಾದ ಎದುರು ‘ಸೋಗು’ ಎಂದೂ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಲಿಚೀಂಕಾದ ಎದುರು ಬೀಗದ ಒಂದು ಪುಟ್ಟ ಚಿತ್ರವಿದೆ, ಅದರ ಕೀಲಿಕಿಂಡಿಯಿಂದ ಹುಳುವೊಂದು ತಲೆ ಹೊರಹಾಕಿದೆ.