ಹಳೇ ಫೋನಿಗೆ ರೂಟ್, ಸಂಪಿಗೆ ಕಾವಲು: ಇಲ್ಲಿಯವರೆಗೆ ಏನೇನಾಯ್ತು

ಮೊದಲ ಶನಿವಾರ

ಬೀರುವಿನ ಕೆಳಗಿನ ಖಾನೆಯಲ್ಲಿ ಬಿದ್ದಿದ್ದ ಹಳೇ ಫೋನನ್ನು ಇವತ್ತು ಹೊರಗೆ ತೆಗೆದೆ. 2017ರಲ್ಲಿ ಕೊಂಡಿದ್ದು. ಸ್ನ್ಯಾಪ್‌ಡ್ರ್ಯಾಗನ್ 625 ಚಿಪ್, 3 ಜಿಬಿ ರ್ಯಾಮ್, ಆಂಡ್ರಾಯ್ಡ್ 8.1ಕ್ಕೆ ಬಂದು ನಿಂತುಬಿಟ್ಟಿದೆ. ಗಾಜಿನ ಒಂದು ಮೂಲೆ ಒಡೆದಿದೆ, ಉಳಿದಿದ್ದೆಲ್ಲ ಗಟ್ಟಿಯಾಗಿದೆ. ಎಕ್ಸ್‌ಚೇಂಜಿಗೆ ಕೊಟ್ಟರೆ ಬರುವ ದುಡ್ಡಿಗೆ ಮನೆಮಂದಿಗೆಲ್ಲ ಮಸಾಲೆ ದೋಸೆ ಕೊಡಿಸಬಹುದು, ಅಷ್ಟೇ.

ಇದಕ್ಕೊಂದು ಕೆಲಸ ಹುಡುಕಿದ್ದೇನೆ. ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ ಹಳೇ ಮನೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ಅದೂ ಹೆಚ್ಚಾಗಿ ಅಪರಾತ್ರಿ. ಸಂಪಿನ ಬಾಲ್ ವಾಲ್ವ್ ಒಮ್ಮೊಮ್ಮೆ ಸಿಕ್ಕಿಹಾಕಿಕೊಳ್ಳುತ್ತೆ. ಆಗ ಸಂಪ್ ತುಂಬಿದ ಮೇಲೂ ನೀರು ನಿಲ್ಲದೆ ಗೇಟಿನಾಚೆ ಹರಿಯುತ್ತೆ. ಅದಕ್ಕೇ ಅಮ್ಮ ರಾತ್ರಿ ಎರಡು ಗಂಟೆಗೆ, ಮೂರು ಗಂಟೆಗೆ ಎದ್ದು ಪೈಪಿಗೆ ಕಿವಿ ಕೊಟ್ಟು ನೋಡಿ ಬರುತ್ತಾರೆ. ಕಿವಿ ಕೊಡೋ ಕೆಲಸ ಫೋನಿಗೂ ಬರುತ್ತಲ್ವಾ? ನೀರು ಬಂದಾಗ ನನ್ನನ್ನು ಎಬ್ಬಿಸಿದರೆ ಸಾಕು. ಅದಕ್ಕೆ ಫೋನನ್ನು ರೂಟ್ ಮಾಡಬೇಕು, ಅಂದರೆ ಕಂಪನಿ ತನ್ನ ಬಳಿಯೇ ಇಟ್ಟುಕೊಂಡ ಪೂರ್ತಿ ಅಧಿಕಾರವನ್ನು ನಾನು ತಗೋಬೇಕು.

ಅಪ್ಪ ಕೇಳಿದ ಪ್ರಶ್ನೆ: "ಹೊಸ ಬಾಲ್ ವಾಲ್ವ್ ಹಾಕಿಸಿದ್ರೆ ಆಗಲ್ವೇನೋ?" ಎರಡು ಸಲ ಹಾಕಿಸಿ ಆಗಿದೆ. ಮೂರನೇ ಸಲ ಹಾಕಿಸಬಹುದು, ನಿಜ. ಆದರೆ ಆಗ ನನಗೆ ಈ ಕೆಲಸ ಇರುವುದಿಲ್ಲ.

ರೂಟಿಗೆ ಮೊದಲು ಬೂಟ್‌ಲೋಡರ್ (ಫೋನ್ ಆನ್ ಆದಾಗ ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಮ್) ಅನ್‌ಲಾಕ್ ಆಗಬೇಕು, ಅದಕ್ಕೆ ಕಂಪನಿಗೆ ಅರ್ಜಿ ಹಾಕಿದೆ. 168 ಗಂಟೆ ಕಾಯಿರಿ ಅಂತ ಬಂತು. ನನ್ನದೇ ಫೋನು, ನಾನೇ ದುಡ್ಡು ಕೊಟ್ಟಿದ್ದು, ಅದರ ಬೀಗ ತೆಗೆಯಲು ಒಂದು ವಾರ!

ಕಾಯುವ ವಾರ

ಮಾಡಲು ಬೇರೆ ಏನೂ ಇಲ್ಲ. ಹಳೇ ಕಥೆ ನೆನಪಾಗ್ತಿದೆ.

ನಾನು ಮೊದಲ ಸಲ ರೂಟ್ ಮಾಡಿದ್ದು 2011ರಲ್ಲಿ, ಅದೂ ಕನ್ನಡಕ್ಕಾಗಿ. ಆಗಿನ ಆಂಡ್ರಾಯ್ಡ್ 2.3ರಲ್ಲಿ ಕನ್ನಡ ತೆರೆದರೆ ಬರೀ ಡಬ್ಬಿ ಡಬ್ಬಿ. ಒಪೆರಾ ಮಿನಿಯ ಗುಪ್ತ ಸೆಟಿಂಗಿಗೆ ಹೋಗಿ ಬಿಟ್‌ಮ್ಯಾಪ್ ಫಾಂಟ್ ಆನ್ ಮಾಡಿದರೆ ಅಕ್ಷರಗಳು ಚಿತ್ರದ ಹಾಗೆ ಬರುತ್ತಿದ್ದವು. ಬೇಕಾದಷ್ಟು ಜನ ಹಾಗೇ ಓದುತ್ತಿದ್ದರು. ನನಗೆ ಮೆಸೇಜಿನಲ್ಲೂ ಕನ್ನಡ ಬೇಕಿತ್ತು. ರೂಟ್ ಮಾಡಿ, ಸಿಸ್ಟಮ್ ಒಳಗಿನ ಫಾಂಟ್ಸ್ ಫೋಲ್ಡರಿಗೆ ನುಗ್ಗಿ, ಡ್ರಾಯ್ಡ್ ಸಾನ್ಸ್ ಫಾಲ್‌ಬ್ಯಾಕ್ ಫೈಲಿನ ಜಾಗದಲ್ಲಿ ಕನ್ನಡ ಇರುವ ಫಾಂಟ್ ಕೂರಿಸಿದೆ. ಅಕ್ಷರ ಬಂದವು. ಆದರೆ ಒತ್ತಕ್ಷರ ಒತ್ತಿಗೆ ಹೋಗಲಿಲ್ಲ. 'ಅಮ್ಮ' ಅನ್ನುವುದು 'ಅಮ್‌ಮ' ಆಗಿ ಕೂತಿತ್ತು. ಫಾಂಟ್ ಒಂದೇ ಸಾಲದು, ಅಕ್ಷರ ಜೋಡಿಸುವ ಎಂಜಿನ್ನೂ ಒಳಗೆ ಇರಬೇಕು ಅಂತ ತಿಳಿದಿದ್ದು ಆಗಲೇ. ಜೆಲ್ಲಿ ಬೀನ್ (ಆಂಡ್ರಾಯ್ಡ್ 4.1) ಕಾಲಕ್ಕೆ ಕನ್ನಡ ತಾನಾಗಿಯೇ ಬಂತು, ನನ್ನ ಸಾಹಸ ವ್ಯರ್ಥ ಆಯ್ತು.

ರೂಟಿನ ಉಪಯೋಗಗಳ ಕಥೆ ಬಹಳಷ್ಟು ಹೀಗೇ. ಅದಕ್ಕೆಂದೇ ರೂಟ್ ಮಾಡುತ್ತಿದ್ದ ಎಷ್ಟೋ ಕೆಲಸ ಈಗ ಸುಮ್ನೆ ಸೆಟಿಂಗ್ಸಿನಲ್ಲೇ ಸಿಗುತ್ತವೆ. ಯಾವ ಆ್ಯಪಿಗೆ ಯಾವ ಅನುಮತಿ ಅನ್ನುವುದು 2015ರ ಆಂಡ್ರಾಯ್ಡ್ 6ರಲ್ಲೇ ಬಂತು. ಜಾಹೀರಾತು ತಡೆಯಲು ಮುಂಚೆ ಹೋಸ್ಟ್ಸ್ ಫೈಲ್ ತಿದ್ದುತ್ತಿದ್ದೆವು. 2018ರ ಆಂಡ್ರಾಯ್ಡ್ 9ರಿಂದ ಪ್ರೈವೇಟ್ ಡಿಎನ್‌ಎಸ್ ಅನ್ನುವ ಜಾಗದಲ್ಲಿ ಜಾಹೀರಾತು ತಡೆಯುವ ಒಂದು ವಿಳಾಸ ತುಂಬಿದರೆ ಮುಕ್ಕಾಲು ಪಾಲು ಕಸ ನಿಲ್ಲುತ್ತೆ. ಸ್ಕ್ರೀನ್ ರೆಕಾರ್ಡಿಂಗ್ ಆಂಡ್ರಾಯ್ಡ್ 11ಕ್ಕೆ ಬಂತು. ಕಂಪನಿ ತುಂಬಿಕೊಟ್ಟ ಬೇಡದ ಆ್ಯಪ್ ಕಿತ್ತುಹಾಕಲು ಒಂದು ಕೇಬಲ್, ಕಂಪ್ಯೂಟರಿನಲ್ಲಿ ಎಡಿಬಿ (ಫೋನಿಗೆ ಆಜ್ಞೆ ಕಳಿಸುವ ಪ್ರೋಗ್ರಾಮ್) ಇದ್ದರೆ ಆಯ್ತು, ರೂಟ್ ಬೇಕಿಲ್ಲ.

ಹಾಗಾದರೆ ಉಳಿದಿದ್ದೇನು? ಚಾರ್ಜಿಂಗ್ ಮೇಲೆ ಹಿಡಿತ, ಫೋನ್ ಹೇಗೆ ಏಳಬೇಕು ಅನ್ನುವುದರ ಮೇಲೆ ಹಿಡಿತ, ಸ್ಕ್ರೀನ್ ಮುಟ್ಟದೆ ಬಟನ್ ಒತ್ತುವ ಅಧಿಕಾರ, ಆ್ಯಪಿನ ಒಳಗಿನ ಡೇಟಾ ಸಮೇತ ಬ್ಯಾಕಪ್. ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಫೋನಿಗೆ ಇವು ಅಷ್ಟಾಗಿ ಬೇಡ. ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಫೋನಿಗೆ ಇವೇ ಜೀವ.

ಎರಡನೇ ಶನಿವಾರ

ಬೀಗ ತೆರೆಯಿತು. ತೆರೆಯುವಾಗ ಫೋನಿನಲ್ಲಿದ್ದಿದ್ದೆಲ್ಲ ಅಳಿಸಿಹೋಗುತ್ತೆ. ಕಾರಣ ಸರಿಯಾದದ್ದೇ: ಕದ್ದವನು ಬೀಗ ತೆಗೆದು ನಿಮ್ಮ ಫೋಟೋ ನೋಡಬಾರದು. ಹಳೇ ಫೋಟೋಗಳನ್ನು ಮೊದಲೇ ಇಳಿಸಿಕೊಂಡಿದ್ದೆ.

ರೂಟ್ ಮಾಡಲು ಬಳಸಿದ್ದು ಮ್ಯಾಜಿಸ್ಕ್ ಅನ್ನುವ ಪ್ರೋಗ್ರಾಮ್. ಜಾನ್ ವೂ ಇದನ್ನು 2016ರಲ್ಲಿ ಹೊರತಂದರು. ಹಳೇ ವಿಧಾನದ ಹಾಗೆ ಸಿಸ್ಟಮ್ ಫೈಲುಗಳಿಗೆ ಕೈ ಹಾಕುವುದಿಲ್ಲ, ಫೋನ್ ಏಳಲು ಬೇಕಾದ ಬೂಟ್ ಇಮೇಜ್ ಅನ್ನುವ ಫೈಲ್ ಒಂದನ್ನು ಮಾತ್ರ ತಿದ್ದುತ್ತೆ. ಆ ಬೂಟ್ ಇಮೇಜನ್ನು ಕಂಪನಿಯ ಪೂರ್ತಿ ಸಾಫ್ಟ್‌ವೇರ್ ಕಟ್ಟಿನಿಂದ ಬಿಡಿಸಿಕೊಂಡು, ಫೋನಿಗೆ ಹಾಕಿ, ಮ್ಯಾಜಿಸ್ಕ್ ಆ್ಯಪಿನಿಂದ ಪ್ಯಾಚ್ ಮಾಡಿ, ವಾಪಸ್ ಕಂಪ್ಯೂಟರಿಗೆ ತಂದು, ಫಾಸ್ಟ್‌ಬೂಟ್ ಅನ್ನುವ ಪ್ರೋಗ್ರಾಮಿನ ಮೂಲಕ ಫ್ಲ್ಯಾಶ್ ಮಾಡಬೇಕು, ಅಂದರೆ ಫೋನಿನೊಳಗೆ ಬರೆಯಬೇಕು. ಹೇಳಲು ಉದ್ದ, ಮಾಡಲು ಹತ್ತು ನಿಮಿಷ.

ನನಗೆ ಎರಡೂವರೆ ಗಂಟೆ ಹಿಡಿಯಿತು. ಫ್ಲ್ಯಾಶ್ ಆಯ್ತು, ಫೋನ್ ಎದ್ದಿತು, ರೂಟೂ ಸಿಕ್ಕಿತು, ಆದರೆ ವೈಫೈ ಆನ್ ಆಗುತ್ತಿಲ್ಲ. ಸ್ವಿಚ್ ಒತ್ತಿದರೆ ಒಂದು ಕ್ಷಣ ನೀಲಿ ಆಗಿ ಮತ್ತೆ ಬೂದು. ರೂಟರ್ ಬೈದೆ, ಆಂಟೆನಾ ಹೋಗಿದೆ ಅಂದುಕೊಂಡೆ. ಕೊನೆಗೆ ನೋಡಿದರೆ ತಪ್ಪು ನನ್ನದೇ. ಫೋನಿನಲ್ಲಿ ಇದ್ದ ಬಿಲ್ಡ್ (ಸಾಫ್ಟ್‌ವೇರ್ ಆವೃತ್ತಿ) ಒಂದು, ನಾನು ಬೂಟ್ ಇಮೇಜ್ ತೆಗೆದದ್ದು ಅದರ ಹಿಂದಿನ ಬಿಲ್ಡಿನಿಂದ. ಕರ್ನಲ್ (ಸಿಸ್ಟಮಿನ ತಿರುಳು) ಒಂದು ಕಾಲದ್ದು, ವೈಫೈ ಡ್ರೈವರ್ ಇನ್ನೊಂದು ಕಾಲದ್ದು, ಇಬ್ಬರಿಗೂ ಮಾತುಕತೆ ಇಲ್ಲ. ಬಿಲ್ಡ್ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಸರಿಯಾದದ್ದನ್ನು ತಂದು ಪ್ಯಾಚ್ ಮಾಡಿದ ಮೇಲೆ ಎಲ್ಲ ಸರಿಹೋಯ್ತು. ತಿದ್ದದ ಅಸಲಿ ಬೂಟ್ ಇಮೇಜನ್ನು ಪೆನ್‌ಡ್ರೈವಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಏನೇ ಎಡವಟ್ಟಾದರೂ ಅದನ್ನು ಫ್ಲ್ಯಾಶ್ ಮಾಡಿ ಮೊದಲಿನ ಸ್ಥಿತಿಗೆ ಬರಬಹುದು.

ಆಜ್ಞೆ ಟೈಪ್ ಮಾಡುವ ಟರ್ಮಕ್ಸ್ ಆ್ಯಪ್ ತೆರೆದು 'su' ಅಂತ ಎರಡಕ್ಷರ ಒತ್ತಿದೆ. ಡಾಲರ್ ಗುರುತು ಹೋಗಿ ಹ್ಯಾಶ್ ಗುರುತು ಬಂತು. ಇಷ್ಟು ವರ್ಷ ಆದ ಮೇಲೂ ಅದನ್ನು ನೋಡಿದರೆ ಖುಷಿಯಾಗುತ್ತೆ.

ಮಾರನೇ ದಿನ, ಭಾನುವಾರ

ಇಡೀ ದಿನ ಚಾರ್ಜಿಂಗಿಗೇ ಹೋಯ್ತು. ಹೋಗಲೇಬೇಕಿತ್ತು. ಹಳೇ ಫೋನನ್ನು ಕ್ಯಾಮೆರಾ ಮಾಡಿ ತಿಂಗಳುಗಟ್ಟಲೆ ಚಾರ್ಜರಿಗೆ ಚುಚ್ಚಿಟ್ಟವರ ಮನೆಯಲ್ಲಿ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ನಿಂತಿದ್ದನ್ನು ನೋಡಿದ್ದೇನೆ. ಲಿಥಿಯಂ ಬ್ಯಾಟರಿಯನ್ನು ಯಾವಾಗಲೂ ನೂರಕ್ಕೆ ನೂರು ತುಂಬಿ ಬಿಸಿಯಲ್ಲಿ ಇಟ್ಟರೆ ಬೇಗ ಹಳತಾಗುತ್ತೆ, ಒಳಗೆ ಗ್ಯಾಸ್ ಕಟ್ಟುತ್ತೆ.

ರೂಟ್ ಇದ್ದರೆ ಇದಕ್ಕೆ ಮದ್ದಿದೆ. ಲಿನಕ್ಸ್ ಕರ್ನಲ್ ಬ್ಯಾಟರಿಯನ್ನೂ ಒಂದು ಫೋಲ್ಡರ್ ಹಾಗೆ ತೋರಿಸುತ್ತೆ. ನನ್ನ ಫೋನಿನಲ್ಲಿ ಅದರೊಳಗೆ ಇನ್‌ಪುಟ್ ಸಸ್ಪೆಂಡ್ ಅನ್ನುವ ಫೈಲ್ ಇದೆ. ಅದರಲ್ಲಿ 1 ಬರೆದರೆ ಚಾರ್ಜರ್ ಚುಚ್ಚಿದ್ದರೂ ಕರೆಂಟ್ ಒಳಗೆ ಬರುವುದಿಲ್ಲ, 0 ಬರೆದರೆ ಮತ್ತೆ ಬರುತ್ತೆ. ಎಲ್ಲ ಫೋನಿನಲ್ಲೂ ಇದೇ ಹೆಸರು ಇರಲ್ಲ, ಹುಡುಕಬೇಕು. ನಾನೇ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ: 60 ಮುಟ್ಟಿದರೆ ನಿಲ್ಲಿಸು, 50ಕ್ಕೆ ಇಳಿದರೆ ಶುರು ಮಾಡು. ಸಂಜೆಯವರೆಗೆ ಚೆನ್ನಾಗಿ ನಡೆಯಿತು. ರಾತ್ರಿ ಯಾವಾಗಲೋ 1 ಬರೆದ ಮೇಲೆ ಸ್ಕ್ರಿಪ್ಟೇ ಸತ್ತಿದೆ. ಬೆಳಗ್ಗೆ ನೋಡಿದರೆ 9 ಪರ್ಸೆಂಟ್. ಚಾರ್ಜರ್ ತಲೆಗೇ ಚುಚ್ಚಿಕೊಂಡು ಉಪವಾಸ ಕೂತಿತ್ತು ಪಾಪ.

ಸ್ವಂತ ಬುದ್ಧಿ ಸಾಕು ಅಂತ ಎಸಿಸಿ ಅನ್ನುವ ಮ್ಯಾಜಿಸ್ಕ್ ಮಾಡ್ಯೂಲ್ ಹಾಕಿದೆ. ಅಡ್ವಾನ್ಸ್ಡ್ ಚಾರ್ಜಿಂಗ್ ಕಂಟ್ರೋಲರ್ ಅಂತ ಪೂರ್ತಿ ಹೆಸರು. ಅದೇ 60, ಅದೇ 50. ಇವತ್ತಿನವರೆಗೂ ತಪ್ಪಿಲ್ಲ. ಹಿಂಬದಿ ಮುಟ್ಟಿದರೆ ತಣ್ಣಗಿದೆ.

ನನ್ನ ಸ್ಕ್ರಿಪ್ಟ್ ಸತ್ತದ್ದು ಯಾಕೆ ಅಂತಲೂ ಗೊತ್ತಾಯ್ತು. ಫೋನಿನ ಕಂಪನಿಯದೇ ಬ್ಯಾಟರಿ ಉಳಿಸುವ ಆ್ಯಪ್ ಒಂದಿದೆ, ಅದು ಟರ್ಮಕ್ಸನ್ನು ಕೊಂದಿತ್ತು. ಈಗ ರೂಟ್ ನನ್ನ ಕೈಲಿದೆ, ಆ ಆ್ಯಪನ್ನೇ ಮಲಗಿಸಿದೆ.

ಮೂರನೇ ವಾರ

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಬಂದೆ. ಹಳೇ ಇಯರ್‌ಫೋನಿನ ಮೈಕನ್ನು ನೀರಿನ ಪೈಪಿಗೇ ಅಂಟಿಸುವುದು ಪ್ಲಾನು, ಫೋನ್ ಕಿಟಕಿ ಒಳಗೆ, ತಂತಿ ಹೊರಗೆ. ಅದಕ್ಕೆ ಉದ್ದದ ಎಕ್ಸ್‌ಟೆನ್ಷನ್ ಕೇಬಲ್ ಬೇಕು. ಅಂಗಡಿಯವರು ಕೊಟ್ಟಿದ್ದು ಎರಡು ಕಪ್ಪು ಗೆರೆಯ ಜಾಕು. ಅದರಲ್ಲಿ ಹಾಡು ಕೇಳಬಹುದು, ಮೈಕ್ ಹಾಯುವುದಿಲ್ಲ. ಮೂರು ಕಪ್ಪು ಗೆರೆ ಇರುವುದನ್ನೇ ಕೇಳಿ ತಗೋಬೇಕು. "ಗೆರೆ ಎಣಿಸೋ ಗಿರಾಕಿ ನೀವೇ ಫಸ್ಟು ಸಾರ್" ಅಂದರು.

ಪೈಪಿಗೆ ಅಂಟಿಸುವ ಬುದ್ಧಿ ಮೊದಲೇ ಬಂದಿದ್ದಲ್ಲ. ಹಿಂದಿನ ವಾರ ಫೋನಿನ ಸ್ವಂತ ಮೈಕನ್ನೇ ನಂಬಿದ್ದೆ. ಐದು ನಿಮಿಷಕ್ಕೊಮ್ಮೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡು, ಸಾಕ್ಸ್ ಅನ್ನುವ ಪ್ರೋಗ್ರಾಮಿನಿಂದ ಸದ್ದಿನ ಜೋರು ಅಳೆ, ಜಾಸ್ತಿ ಇದ್ದರೆ ಫೋನ್ ಮಾಡು. ಸಂಜೆ ಮಳೆ ಬಂತು. ಬೆಂಗಳೂರು ಮಳೆ ಸದ್ದಿಗೂ ಸಂಪಿಗೆ ಬೀಳುವ ನೀರಿನ ಸದ್ದಿಗೂ ಆ ಮೈಕಿಗೆ ವ್ಯತ್ಯಾಸವೇ ಇಲ್ಲ. ಆಫೀಸಿನ ಮೀಟಿಂಗಲ್ಲಿ ಕೂತಿದ್ದವನಿಗೆ ಹದಿನಾಲ್ಕು ಸಲ ಕಾಲ್.

ಈಗ ಮೈಕು ಮೀಟರಿನ ಪಕ್ಕದ ಪೈಪಿಗೆ ಇನ್ಸುಲೇಷನ್ ಟೇಪಿನಲ್ಲಿ ಬಿಗಿಯಾಗಿ ಕೂತಿದೆ, ಮೇಲೆ ಹಳೇ ಕಾಲುಚೀಲದ ತುಂಡು. ಪೈಪ್ ಸುಮ್ಮನಿದ್ದಾಗ ಸದ್ದಿನ ಜೋರು 0.002, ನೀರು ಹರಿಯುವಾಗ 0.03ರ ಆಸುಪಾಸು. ಹದಿನೈದು ಪಟ್ಟು ವ್ಯತ್ಯಾಸ ಇದ್ದರೆ ಬೇರೆ ಲೆಕ್ಕಾಚಾರವೇ ಬೇಡ.

ಕಾಲ್ ಮಾಡುವುದರ ಬಗ್ಗೆ ಒಂದು ಮಾತು. ಮೊದಲು ಟೆಲಿಗ್ರಾಮಿನಲ್ಲಿ ಮೆಸೇಜ್ ಕಳಿಸೋಣ ಅಂದುಕೊಂಡೆ. ಕರೆಂಟ್ ಹೋದರೆ ರೂಟರೂ ಹೋಗುತ್ತೆ, ಬೇಡ. ಎಸ್ಸೆಮ್ಮೆಸ್ ಸದ್ದಿಗೆ ನಾನು ಏಳುವುದಿಲ್ಲ. ಕೊನೆಗೆ ನಮ್ಮ ಊರಿನ ಹಳೇ ಉಪಾಯವೇ ಗತಿ, ಮಿಸ್ಡ್ ಕಾಲ್! ಸ್ಕ್ರಿಪ್ಟ್ ನನ್ನ ನಂಬರಿಗೆ ಕಾಲ್ ಹಚ್ಚುತ್ತೆ, 25 ಸೆಕೆಂಡ್ ಕಾಯುತ್ತೆ, ಆಮೇಲೆ ಕೀ ಇವೆಂಟ್ 6 ಕಳಿಸುತ್ತೆ. ಅಂದರೆ ಕೆಂಪು ಬಟನ್ ಒತ್ತಿದ ಲೆಕ್ಕ. ಬೆರಳಿಲ್ಲದೆ ಬಟನ್ ಒತ್ತುವ ಈ ಅಧಿಕಾರ ಮಾಮೂಲಿ ಆ್ಯಪಿಗೆ ಸಿಗುವುದಿಲ್ಲ, ರೂಟಿಗೆ ಸಿಗುತ್ತೆ. ಆ ನಂಬರನ್ನು ನನ್ನ ಫೋನಿನಲ್ಲಿ 'ಗಂಗಮ್ಮ' ಅಂತ ಸೇವ್ ಮಾಡಿದ್ದೇನೆ.

ನಡುವೆ, ಭಾವ ಬಂದಿದ್ದಾಗ

"ನಂದಕ್ಕೂ ಮಾಡ್ಕೊಡೋ" ಅಂದರು. ಹೊಸ ಫೋನು, ಸಂಬಳದ ಬ್ಯಾಂಕು, ಯುಪಿಐ ಎಲ್ಲ ಅದರಲ್ಲೇ. ಆಗಲ್ಲ ಭಾವ ಅಂದೆ.

ಬ್ಯಾಂಕ್ ಆ್ಯಪುಗಳು, ಯುಪಿಐ ಆ್ಯಪುಗಳು ಫೋನ್ ರೂಟ್ ಆಗಿದೆಯಾ, ಬೂಟ್‌ಲೋಡರ್ ತೆರೆದಿದೆಯಾ ಅಂತ ನೋಡುತ್ತವೆ, ಎಷ್ಟೋ ಆ್ಯಪುಗಳು ಅಲ್ಲೇ ನಿಂತುಬಿಡುತ್ತವೆ. ಮ್ಯಾಜಿಸ್ಕ್ ಮೊದಲು ಬಚ್ಚಿಡುವ ಸೌಲಭ್ಯ ಕೊಡುತ್ತಿತ್ತು, 2022ರಲ್ಲಿ ಅದನ್ನು ತೆಗೆದರು. ಗೂಗಲ್ ಕಡೆ, ಫೋನ್ ತಿದ್ದಿದೆಯಾ ಅಂತ ಪರೀಕ್ಷಿಸುವ ಸೇಫ್ಟಿನೆಟ್ ಹೋಗಿ ಪ್ಲೇ ಇಂಟೆಗ್ರಿಟಿ ಬಂತು. ಇದು ಹಾವು ಏಣಿ ಆಟ. ಇವತ್ತು ಏಣಿ ಸಿಕ್ಕಿತು ಅಂತ ಖುಷಿಪಟ್ಟರೆ ನಾಳೆ ದರ್ಶಿನಿಯಲ್ಲಿ ಕಾಫಿ ಕುಡಿದು ಕ್ಯೂಆರ್ ಮುಂದೆ ಫೋನ್ ಹಿಡಿದಾಗ ಹಾವು. ಕೆಲವು ಸ್ಯಾಮ್‌ಸಂಗ್ ಫೋನುಗಳಲ್ಲಂತೂ ನಾಕ್ ಅನ್ನುವ ಒಂದು ಫ್ಯೂಸ್ ಇದೆ. ಒಮ್ಮೆ ಸುಟ್ಟರೆ ಮುಗೀತು, ರೂಟ್ ತೆಗೆದರೂ ವಾಪಸ್ ಬರಲ್ಲ. ಅದಕ್ಕೇ ನನ್ನ ಜೇಬಿನ ಫೋನಿಗೂ ರೂಟ್ ಇಲ್ಲ. ರಿಟೈರ್ ಆದ ಫೋನಿದ್ದರೆ ತನ್ನಿ ಅಂದಿದ್ದೇನೆ.

ನಾಲ್ಕನೇ ವಾರ

ಕರೆಂಟ್ ಪರೀಕ್ಷೆ. ಪೂರ್ತಿ ಖಾಲಿಯಾಗಿ ಆಫ್ ಆದ ಫೋನು ಕರೆಂಟ್ ಬಂದಾಗ ಬ್ಯಾಟರಿ ಚಿತ್ರ ತೋರಿಸುತ್ತಾ ಕೂರುತ್ತೆ, ತಾನಾಗಿ ಏಳುವುದಿಲ್ಲ. ಫಾಸ್ಟ್‌ಬೂಟಿನಲ್ಲಿ ಇದನ್ನು ಬದಲಿಸುವ ಒಂದು ಆಜ್ಞೆ ಕೆಲವು ಫೋನುಗಳಲ್ಲಿದೆ. ನನ್ನದು ಕೇಳಲಿಲ್ಲ. ಬೂಟ್ ಇಮೇಜ್ ಬಿಚ್ಚಿ, ಫೋನ್ ಏಳುವಾಗ ಏನೇನು ಮಾಡಬೇಕು ಅಂತ ಹೇಳುವ ಇನಿಟ್ ಫೈಲಿನ ಚಾರ್ಜರ್ ಭಾಗದಲ್ಲಿ ರೀಬೂಟ್ ಮಾಡು ಅಂತ ಒಂದು ಸಾಲು ಸೇರಿಸಿ, ಕಟ್ಟಿ ಮತ್ತೆ ಫ್ಲ್ಯಾಶ್ ಮಾಡಿದೆ. ನ್ಯಾಯವಾಗಿ ಹೇಳಬೇಕಂದರೆ ಇದಕ್ಕೆ ರೂಟ್ ಬೇಕಿಲ್ಲ, ತೆರೆದ ಬೂಟ್‌ಲೋಡರ್ ಸಾಕು.

ಎದ್ದಿತು. ಒಂದು ಪರ್ಸೆಂಟ್ ಬ್ಯಾಟರಿಯಲ್ಲೇ ಎದ್ದು, ಲೋಗೋ ತೋರಿಸಿ, ಶಕ್ತಿ ಸಾಲದೆ ಬಿದ್ದು, ಮತ್ತೆ ಎದ್ದು, ಮತ್ತೆ ಬಿದ್ದು. ಮುಕ್ಕಾಲು ಗಂಟೆ ಬಸ್ಕಿ ಹೊಡೆಯಿತು. ಹಳೇ 1 ಆಂಪಿಯರ್ ಚಾರ್ಜರ್ ಬದಲು 2 ಆಂಪಿಯರ್ ಚಾರ್ಜರ್ ಹಾಕಿದ ಮೇಲೆ ನಿಂತುಕೊಂಡಿತು. ಫೋನ್ ಪೂರ್ತಿ ಖಾಲಿಯಾಗುವಷ್ಟು ಹೊತ್ತು ಕರೆಂಟ್ ಹೋಗುವುದು ಅಪರೂಪ ಅಂತ ಸದ್ಯಕ್ಕೆ ಬಿಟ್ಟಿದ್ದೇನೆ. ಸ್ಕ್ರೀನ್ ಲಾಕ್ ತೆಗೆದಿದ್ದೇನೆ, ಎದ್ದ ಕೂಡಲೇ ಟರ್ಮಕ್ಸ್ ತಾನೇ ಶುರುವಾಗುತ್ತೆ.

ಇವತ್ತು

ಮೊನ್ನೆ ಬೆಳಗಿನ ಜಾವ 3:20ಕ್ಕೆ ಗಂಗಮ್ಮ ಕಾಲ್ ಮಾಡಿದಳು. ಎದ್ದು ಹೊರಗೆ ಹೋದರೆ ಅಮ್ಮ ಆಗಲೇ ವಾಲ್ವ್ ಹತ್ತಿರ ನಿಂತಿದ್ದರು. "ನಿಂದು ಬಂದಿದ್ಯಾ ನೋಡೋಣಾಂತ ಎದ್ದೆ" ಅಂದರು.

ಬಾಕಿ ಇರುವುದು ಇನ್ನೊಂದೇ. ನೀರು ಶುರುವಾಗಿದ್ದು ಗೊತ್ತಾಗುತ್ತೆ, ಸಂಪ್ ತುಂಬಿದ್ದು ಗೊತ್ತಾಗುವುದಿಲ್ಲ. ಇಯರ್‌ಫೋನಿನ ಬಟನ್ ಒತ್ತಿದಾಗ ಒಳಗೆ ಆಗುವುದು ಇಷ್ಟೇ, ಮೈಕಿನ ತಂತಿ ಗ್ರೌಂಡಿಗೆ ಶಾರ್ಟ್ ಆಗುತ್ತೆ. ಆ ಎರಡು ತಂತಿಗೆ ಒಂದು ಫ್ಲೋಟ್ ಸ್ವಿಚ್ ಜೋಡಿಸಿ ಸಂಪಿನ ಬಾಯಿ ಹತ್ತಿರ ಇಳಿಬಿಟ್ಟರೆ, ನೀರು ಅಲ್ಲಿಗೆ ಬಂದಾಗ ಫೋನಿನ ಪಾಲಿಗೆ ಯಾರೋ ಬಟನ್ ಒತ್ತಿದ ಹಾಗೆ. ಅದನ್ನು ಹಿಡಿದು ಎರಡನೇ ಕಾಲ್ ಮಾಡಿಸಬಹುದು. ಸ್ವಿಚ್ ತಂದಿಟ್ಟಿದ್ದೇನೆ, ಬೆಸುಗೆ ಆಗಿಲ್ಲ. ನಾಳೆ ನೀರು ಬರುವ ದಿನ ಅಲ್ಲ, ನಾಡಿದ್ದು ನೋಡಬೇಕು.