ಹಳೇ ಕ್ಯಾಂಪರ್ ಕೊಳ್ಳೋರು ಮೊದಲು ಸಂದಿ ನೋಡಿ

ಇಂಗ್ಲೆಂಡ್, ಜರ್ಮನಿ ಕಡೆ ಇರುವವರು ಹಳೇ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್ (ಒಳಗೇ ಅಡುಗೆ ಮಾಡಿ ಮಲಗಬಹುದಾದ ವ್ಯಾನ್) ಕೊಳ್ಳೋ ಯೋಚನೆಯಲ್ಲಿದ್ದರೆ, ಎಂಜಿನ್‌ಗಿಂತ ಮೊದಲು ತಗಡಿನ ಸಂದಿ ನೋಡಿ. 1979ರಲ್ಲಿ ಬಂದ ಈ ಮಾಡೆಲ್‌ನಲ್ಲಿ ಪಕ್ಕದ ಪ್ಯಾನೆಲ್‌ಗಳು ಕೂಡುವ ಕಡೆ ತುಂಬಿದ ಸೀಲರ್, ಅಂದರೆ ನೀರು ತಡೆಯುವ ಅಂಟು, ಕಾಲ ಕಳೆದಂತೆ ಒಣಗಿ ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಒಳಗೆ ನಿಲ್ಲುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದು ಕಂದು ಗೆರೆ ಇಳಿಯುವ ಹೊತ್ತಿಗೆ ಒಳಗಿನ ತಗಡು ಸಾಕಷ್ಟು ಸವೆದಿರುತ್ತದೆ. ಒಲೆ, ಸಿಂಕ್ ಇರುವ ಕಪಾಟಿನ ಹಿಂದೆ ಟಾರ್ಚ್ ಬಿಟ್ಟು ನೋಡಲೇಬೇಕು. ಅಲ್ಲಿನ ಇನ್ಸುಲೇಷನ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬಾಡಿ ತಗಡಿಗೆ ಆಯಸ್ಕಾಂತ ಹಿಡಿಯದಿದ್ದರೆ ಕೆಳಗೆ ದಪ್ಪ ಪುಟ್ಟಿ ಇದೆ ಅಂತಲೇ ಲೆಕ್ಕ.

ಮೇಲ್ಮೇಲಿನ ತುಕ್ಕಾದರೆ ಹಳೇ ಸೀಲರ್ ಪೂರ್ತಿ ಕೆರೆದು, ಲೋಹ ಹೊಳೆಯುವವರೆಗೂ ಉಜ್ಜಿ, ಎಪಾಕ್ಸಿ ಪ್ರೈಮರ್ (ತಳಬಣ್ಣ) ಎರಡು ಕೋಟು ಹೊಡೆಯಿರಿ. ಅದರ ಮೇಲೆ ಪಾಲಿಯುರೆಥೇನ್ ಸೀಮ್ ಸೀಲರ್, ಆಮೇಲೆ ಬಣ್ಣ, ಕೊನೆಗೆ ಒಳಗಿನ ಟೊಳ್ಳಿಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್. ವ್ಯಾಕ್ಸ್ ಮೊದಲೇ ಹೊಡೆದರೆ ವೆಲ್ಡಿಂಗ್ ಮಾಡುವಾಗ ಬೆಂಕಿ ಹತ್ತಿಕೊಳ್ಳಬಹುದು. ತೂತು ಬಿದ್ದಿದ್ದರೆ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ಹೊಸ ತುಂಡು ಬೆಸೆಯಬೇಕು, ಬಿಸಿಗೆ ಸೊಟ್ಟಗಾಗದಂತೆ ಚುಕ್ಕೆ ಚುಕ್ಕೆಯಾಗಿ.

ಇಷ್ಟು ವರ್ಷ ದುಡಿದ ಗಾಡಿಯ ತುಕ್ಕಿನ ಮೇಲೇ ಕಪ್ಪು ಅಂಡರ್‌ಸೀಲ್ (ತಳಕ್ಕೆ ಹಚ್ಚುವ ದಪ್ಪ ಲೇಪ) ಬಳಿದು ಮಾರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಒಳಗೆ ಸಿಕ್ಕಿಬಿದ್ದ ತೇವ ಕೊರೆಯುತ್ತಲೇ ಇರುತ್ತದೆ. ಜ್ಯಾಕ್ ಕೊಡುವ ಜಾಗ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಮೆತ್ತಗೆ ಸದ್ದು ಮಾಡಿದರೆ ಆ ಗಾಡಿ ಬಿಟ್ಟು ಬನ್ನಿ.