ಶುಭ ಶುಕ್ರವಾರದ ಗಂಜಿ

ಪಕ್ಕದ ಮನೆ ಆಂಟಿಗೆ ಮಂಡಿನೋವು. ಶುಭ ಶುಕ್ರವಾರ ಸಂಜೆ ಅವರನ್ನು ಮೈಸೂರಿನ ಕ್ಯಾಥೊಲಿಕರ ಸಂತ ಫಿಲೋಮಿನಾ ಚರ್ಚಿಗೆ ಬಿಟ್ಟು ಬರೋಣ ಅಂತ ಕಾರು ತೆಗೆದೆ. ಬಿಟ್ಟೆ, ಆದರೆ ವಾಪಸ್ ಬರಲಿಲ್ಲ. ಕೈ ಹಿಡಿದು ಒಳಗೆ ಕೂರಿಸಿದವನು ಹಿಂದಿನ ಕಂಬದ ಹತ್ತಿರ ಹಾಗೇ ನಿಂತುಬಿಟ್ಟೆ.

ನಾವು ಸಿ.ಎಸ್.ಐ., ಅಂದರೆ ಪ್ರಾಟೆಸ್ಟಂಟರ ದಕ್ಷಿಣ ಭಾರತ ಸಭೆಯ ಜನ. ಅವತ್ತು ಮಧ್ಯಾಹ್ನ 12ರಿಂದ 3ರವರೆಗೆ ನಮ್ಮ ಚರ್ಚಿನಲ್ಲಿ ಕೂತಿದ್ದೆ. ಶಿಲುಬೆಯ ಮೇಲಿನ ಏಳು ಮಾತುಗಳ ಬಗ್ಗೆ ಏಳು ಜನ ಮಾತಾಡಿದರು. ಐದನೆಯವರು ಮೈಕ್ ಬಿಡಲೇ ಇಲ್ಲ. ಅವರ ಪಾಲಿಗೆ ಬಂದಿದ್ದು "ನನಗೆ ನೀರಡಿಕೆಯಾಗಿದೆ" ಅನ್ನುವ ಮಾತು. ಕೇಳಿ ಕೇಳಿ ನಮಗೂ ನೀರಡಿಕೆಯಾಯಿತು. ಹೊರಗೆ ಬಂದರೆ ಗೇಟಿನ ಹತ್ತಿರ ಚಿತ್ರಾನ್ನದ ಪ್ಯಾಕೆಟ್, ನೀರಿನ ಬಾಟಲಿ. ಗಂಜಿ ಇಲ್ಲ. ಮೂರು ನಾಲ್ಕು ವರ್ಷದಿಂದ ಹೀಗೇ. ಕಾಯಿಸೋಕೆ, ಬಡಿಸೋಕೆ, ಪಾತ್ರೆ ತೊಳೆಯೋಕೆ ಯಾರಿಗೂ ಪುರುಸೊತ್ತಿಲ್ಲವಂತೆ. ಪ್ಯಾಕೆಟ್ ಆದರೆ ಇಸ್ಕೊಂಡು ಗಾಡಿ ಹತ್ತಬಹುದು. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ.

ಗಂಜಿ ಅಂದರೆ ನನಗೆ ಅಜ್ಜಿ.

ಅಜ್ಜಿ ಶ್ರೀರಂಗಪಟ್ಟಣದ ಗಂಜಾಂನವಳು. 1799ರಲ್ಲಿ ಟಿಪ್ಪು ಸತ್ತ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರ ಹೆಸರು ಹೇಳುವ ಚರ್ಚು ಈಗಲೂ ಅಲ್ಲಿದೆ. ರುಮಾಲು ಸುತ್ತಿ ನಮ್ಮವರ ಹಾಗೆ ಓಡಾಡಿದವರು, ಸಿಡುಬಿನ ಲಸಿಕೆ ಹಾಕಿಸಲು ಊರೂರು ಹೇಳಿಸಿದವರು. ಅಜ್ಜಿ ಅವರ ಕತೆಯನ್ನು ಮೊನ್ನೆ ತಾನೇ ಕಂಡು ಬಂದವಳ ಹಾಗೆ ಹೇಳುತ್ತಿದ್ದಳು.

ತಾತ ಮಂಡ್ಯದ ಮೆಥಡಿಸ್ಟ್, ಮಿಷನ್ ಶಾಲೆ ಮೇಷ್ಟ್ರು. ಆ ಕಾಲದಲ್ಲಿ ಕ್ಯಾಥೊಲಿಕ್ ಹುಡುಗಿಗೂ ಮೆಥಡಿಸ್ಟ್ ಹುಡುಗನಿಗೂ ಮದುವೆ ಹೇಗಾಯಿತೋ, ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿಲ್ಲ. "ಗಂಜಾಂ ಹುಡುಗಿ, ಗಂಜಿ ಕಾಯಿಸಿ ಗೆದ್ದುಬಿಟ್ಟಳು" ಅಂತ ತಾತ ತಮಾಷೆ ಮಾಡುತ್ತಿದ್ದ, ಅಷ್ಟೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಸೇರಿ ದಕ್ಷಿಣ ಭಾರತ ಸಭೆಯಾದರು. "ಶುಕ್ರವಾರ ರಾತ್ರಿ ಮೆಥಡಿಸ್ಟ್ ಆಗಿ ಮಲಗಿದೆ, ಶನಿವಾರ ಸಿ.ಎಸ್.ಐ. ಆಗಿ ಎದ್ದೆ" ಅನ್ನುತ್ತಿದ್ದ ತಾತ. ಎಲ್ಲರೂ ಒಂದಾಗಿರಲಿ ಅಂತ ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ ಬೇಡಿಕೊಂಡರಲ್ಲ, ಯೋಹಾನ 17ರಲ್ಲಿ, ಅದೇ ಮಾತು ಈ ಹೊಸ ಸಭೆಯ ಧ್ಯೇಯವಾಕ್ಯ. ತಾತನಿಗೆ ಅದರ ಮೇಲೆ ಬಹಳ ಹೆಮ್ಮೆ.

ಆದರೆ ಆ "ಎಲ್ಲರೂ" ಅನ್ನುವುದರಲ್ಲಿ ಪಕ್ಕದಲ್ಲೇ ಮಲಗಿದ್ದ ಹೆಂಡತಿ ಇರಲಿಲ್ಲ. ಕ್ಯಾಥೊಲಿಕರು ಬೇರೆಯವರ ಆರಾಧನೆಯಲ್ಲಿ ಸೇರಬಾರದು ಅನ್ನುವ ಕಾಲ ಅದು. ಅಜ್ಜಿ ಗಂಡನ ಜೊತೆ ಚರ್ಚಿನವರೆಗೆ ಬರುತ್ತಿದ್ದಳು. ಕಿಟಕಿ ಕೆಳಗೆ ಒಂದು ಕಲ್ಲುಬೆಂಚು ಇತ್ತು. ಅಲ್ಲಿ ಕೂರುತ್ತಿದ್ದಳು. ಒಳಗೆ ಇವರ ಕೀರ್ತನೆ, ಹೊರಗೆ ಸೆರಗಿನ ಮರೆಯಲ್ಲಿ ಅವಳ ಜಪಸರ. ಇಂಥ ಮದುವೆ ಮಾಡಿಕೊಂಡದ್ದಕ್ಕೆ ತವರಿನ ಕಡೆ ಸತ್ಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಸಿಗುವ ಹಾಗಿರಲಿಲ್ಲ. ಇಲ್ಲಿ ಅದರ ಬದಲಿಗಿದ್ದ ಕರ್ತನ ಭೋಜನಕ್ಕೆ ಕೈ ಚಾಚಲು ಅವಳ ಮನಸ್ಸು ಒಪ್ಪಲಿಲ್ಲ. ಎಷ್ಟೋ ವರ್ಷ ಎರಡೂ ಪಂಕ್ತಿಗೆ ಸಲ್ಲದೆ ಇದ್ದಳು. 1960ರ ದಶಕದಲ್ಲಿ ವ್ಯಾಟಿಕನ್ ಮಹಾಸಭೆ ನಡೆದು ನಿಯಮ ಸಡಿಲವಾಯಿತು. ಅಷ್ಟು ಹೊತ್ತಿಗೆ ಅವಳಿಗೆ ಬೆಂಚೇ ಅಭ್ಯಾಸವಾಗಿಹೋಗಿತ್ತು. ನಾನು ಕಂಡಿದ್ದೂ ಬೆಂಚಿನ ಅಜ್ಜಿಯನ್ನೇ.

ವರ್ಷಕ್ಕೊಂದು ದಿನ ಮಾತ್ರ ಇಡೀ ಚರ್ಚು ಅವಳ ಕೈಯಿಂದ ಉಣ್ಣುತ್ತಿತ್ತು.

ಗುರುವಾರ ರಾತ್ರಿಯೇ ಹೆಸರುಕಾಳು ನೆನೆಹಾಕುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಚರ್ಚಿನ ಹಿಂದೆ ಮೂರು ಕಲ್ಲು ಹೂಡಿ ಹಂಡೆ ಏರಿಸುವುದು. ಅಕ್ಕಿ ನುಚ್ಚು, ಹೆಸರುಕಾಳು, ಉಪ್ಪು, ಇಳಿಸಿದ ಮೇಲೆ ಒಂದಿಷ್ಟು ಮಜ್ಜಿಗೆ. ಉಪವಾಸ ಇರುವುದರಿಂದ ರುಚಿ ನೋಡುವ ಹಾಗಿಲ್ಲ. ಹಂಡೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಆವಿ ಎಳೆದುಕೊಂಡು, "ಇನ್ನೊಂದು ಹಿಡಿ ಉಪ್ಪು ಬೇಕು" ಅನ್ನುತ್ತಿದ್ದಳು. ಒಂದು ವರ್ಷವೂ ತಪ್ಪಿದ್ದು ನೆನಪಿಲ್ಲ.

ಮೂರು ಗಂಟೆಗೆ ಜನ ಹೊರಗೆ ಬರುತ್ತಿದ್ದರು. ಮುತ್ತುಗದ ಎಲೆಯ ದೊನ್ನೆ, ಅದರ ತುಂಬ ಗಂಜಿ, ನೆಂಚಿಕೊಳ್ಳಲು ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಆ ಬಿಸಿ ಎಲೆ ದಾಟಿ ನೇರ ಅಂಗೈಗೆ ಇಳಿಯುತ್ತಿತ್ತು. ಎಲೆ ಬಾಡಿ ಒಂಥರಾ ಹಸಿ ವಾಸನೆ. ಕಡ್ಡಿ ಚುಚ್ಚಿದ ಜಾಗದಿಂದ ಗಂಜಿ ಒಸರಿ ಮಣಿಕಟ್ಟಿಗೆ ಹರಿಯುತ್ತಿತ್ತು. ಒಂದು ಕೈಯಲ್ಲಿ ಹಿಡಿದರೆ ಸುಡುತ್ತೆ, ಕೆಳಗಿಟ್ಟರೆ ಚೆಲ್ಲುತ್ತೆ. ಎರಡೂ ಕೈ ಸೇರಿಸಿಯೇ ಹಿಡಿಯಬೇಕು. ಹಾಗೆ ಹಿಡಿದವರು ಬೇರೆ ಏನೂ ಮಾಡೋಕಾಗಲ್ಲ. ಸೈಟಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ಕಮಿಟಿ ಎಲೆಕ್ಷನ್ನಿನಲ್ಲಿ ಬೈದಾಡಿದವರು, ಎಲ್ಲರೂ ಎದುರುಬದುರು ಕುಕ್ಕರುಗಾಲಲ್ಲಿ ಕೂತು ಊದುತ್ತಿದ್ದರು. ಐವತ್ತು ವರ್ಷದ ಹತ್ತಿರ ಆಯಿತು. ಇವತ್ತಿಗೂ ಶಿಲುಬೆ ಅಂದರೆ ನನಗೆ ಮೊದಲು ಬರುವುದು ಅಂಗೈಯಲ್ಲಿ ಆ ಬಿಸಿ.

1984ರಲ್ಲಿ ಚಿಕ್ಕಪ್ಪ ಚರ್ಚು ಬಿಟ್ಟರು. ಒಂದು ಪ್ರಾರ್ಥನಾ ಮಂದಿರ ಸೇರಿ, ಕಾವೇರಿಯಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ ತೆಗೆದುಕೊಂಡರು. ಕೂಸಿನ ತಲೆಗೆ ನೀರು ಹಾಕುವುದು ದೀಕ್ಷಾಸ್ನಾನವೇ ಅಲ್ಲ ಅಂತ ಮನೆಗೆ ಬಂದು ಹೇಳಿದರು. ತಾತ ಎದ್ದು ಹಿತ್ತಿಲಿಗೆ ಹೋದ. ಅಜ್ಜಿ ಹುರುಳಿಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತದೆ, "ನಂಗೆ ಗಂಜಾಂನಲ್ಲಿ ಚೆಂಬಲ್ಲಿ ಹುಯ್ದರು, ನಿಂಗೆ ಹೊಳೇಲಿ ಮುಳುಗಿಸಿದರು. ನೀರು ಕಾವೇರಿದೇ ಅಲ್ವಾ ಮಗ" ಅಂದಳು.

ಆ ವರ್ಷದಿಂದ ಶುಕ್ರವಾರದ ಗಂಜಿ ಜನರಿಗೆ ಬಡಿಸುವ ಮೊದಲೇ ಎರಡು ಡಬ್ಬಿಯ ಟಿಫನ್ ಕ್ಯಾರಿಯರ್‌ಗೆ ತುಂಬಿಬಿಡುತ್ತಿದ್ದಳು. ಚಿಕ್ಕಪ್ಪನ ಮನೆಗೆ. ಸೈಕಲ್ಲಿನಲ್ಲಿ ಒಯ್ಯುವುದು ನನ್ನ ಕೆಲಸ. ಅವರಲ್ಲಿ ಶುಭ ಶುಕ್ರವಾರದ ಆಚರಣೆಯೇ ಇಲ್ಲ, ಅದೆಲ್ಲ ಮನುಷ್ಯರು ಮಾಡಿದ್ದು ಅನ್ನುತ್ತಿದ್ದರು. ಗಂಜಿಯನ್ನು ಮಾತ್ರ ಬೇಡ ಅಂದಿದ್ದಿಲ್ಲ. ಚಿಕ್ಕಮ್ಮ ಕ್ಯಾರಿಯರ್ ತೊಳೆದು ವಾಪಸ್ ಕೊಡುತ್ತಿದ್ದರು. ಖಾಲಿ ಪಾತ್ರೆ ಕೊಡಬಾರದಲ್ಲ, ಒಂದು ಅಚ್ಚು ಬೆಲ್ಲ ಒಳಗಿಡುತ್ತಿದ್ದರು. ಅಜ್ಜಿ ಆ ಬೆಲ್ಲವನ್ನು ತೆಗೆದಿಟ್ಟು ಈಸ್ಟರ್ ಪಾಯಸಕ್ಕೆ ಹಾಕುತ್ತಿದ್ದಳು. ಹದಿನಾಲ್ಕು ವರ್ಷ ಒಂದೇ ಒಂದು ಸಲ ಅವನನ್ನು ವಾಪಸ್ ಬಾ ಅಂತ ಕರೆದವಳಲ್ಲ. ನೀನು ಮಾಡಿದ್ದು ಸರಿ ಅಂತಲೂ ಹೇಳಲಿಲ್ಲ.

1998ರಲ್ಲಿ ಅಜ್ಜಿ ತೀರಿಕೊಂಡಳು. ಹಿಂದಿನ ವಾರ ಕ್ಯಾಥೊಲಿಕ್ ಸ್ವಾಮಿಗಳು ಮನೆಗೆ ಬಂದು ಸತ್ಪ್ರಸಾದ ಕೊಟ್ಟಿದ್ದರು, ಅದೇ ಸಂಜೆ ನಮ್ಮ ಸಭೆಯ ಪಾದ್ರಿ ಅಯ್ಯನವರು ಬಂದು ಪ್ರಾರ್ಥನೆ ಮಾಡಿದ್ದರು. ಮಣ್ಣಿನ ದಿನ ಚಿಕ್ಕಪ್ಪ ಚರ್ಚಿನೊಳಗೆ ಬರಲಿಲ್ಲ. ಹೆತ್ತ ತಾಯಿಯ ಪೆಟ್ಟಿಗೆ ಒಳಗೆ, ಮಗ ಹೊರಗೆ ಕಿಟಕಿ ಹತ್ತಿರ. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ಅವರ ಜೊತೆ ಮಾತು ಬಿಟ್ಟೆ. ಕ್ಯಾರಿಯರ್ ಅಟ್ಟ ಸೇರಿತು.

ಈಗ ಫಿಲೋಮಿನಾ ಚರ್ಚಿಗೆ ಬರುತ್ತೇನೆ. ಆ ದಿನ ಅಲ್ಲಿ ಗಂಟೆ ಬಾರಿಸುವುದಿಲ್ಲ. ಹಲಗೆ ಬಡಿದ ಕಟಕಟ ಸದ್ದು, ಅಷ್ಟೆ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ, 175 ಅಡಿ ಗೋಪುರಗಳ ಆ ದೊಡ್ಡ ಕಟ್ಟಡದಲ್ಲಿ ಅಷ್ಟು ಜನ ಸೇರಿ ಸುಮ್ಮನಿದ್ದರೆ ಎದೆಯ ಸದ್ದು ಕೇಳುತ್ತೆ. ಯೋಹಾನನ ಸುವಾರ್ತೆಯಿಂದ ಯೇಸು ಪಟ್ಟ ಪಾಡಿನ ಕತೆ ಓದಿದರು. ಹೊಲಿಗೆಯಿಲ್ಲದೆ ನೇಯ್ದ ಯೇಸುವಿನ ಅಂಗಿಯನ್ನು ಹರಿಯದೆ, ಸಿಪಾಯಿಗಳು ಚೀಟು ಹಾಕಿದ ಭಾಗ ಬಂತು. 3ನೇ ಶತಮಾನದ ಸಂತ ಸಿಪ್ರಿಯಾನರು ಆ ಅಂಗಿಯಲ್ಲಿ ಒಡೆಯದ ಸಭೆಯನ್ನು ಕಂಡರು. ಅಜ್ಜಿಯ ವ್ಯಾಖ್ಯಾನ ಬೇರೆ: "ಕೊಂದೋರಿಗೂ ಒಳ್ಳೆ ಬಟ್ಟೆ ಹರಿಯೋಕೆ ಮನಸ್ಸು ಬರಲಿಲ್ಲ ನೋಡು."

ಆಮೇಲೆ ಹತ್ತು ಪ್ರಾರ್ಥನೆಗಳು. ಒಂದೊಂದಕ್ಕೂ ಮೊದಲು ಯಾರಿಗಾಗಿ ಅಂತ ಹೇಳುತ್ತಾರೆ, ಸ್ವಲ್ಪ ಹೊತ್ತು ಮೌನ. ಐದನೆಯದು ಕ್ರೈಸ್ತರೆಲ್ಲರ ಐಕ್ಯಕ್ಕಾಗಿ. ಅಜ್ಜಿ ಹುಡುಗಿಯಾಗಿದ್ದಾಗ ಇದೇ ಶುಕ್ರವಾರದ ಲ್ಯಾಟಿನ್ ಪ್ರಾರ್ಥನೆಯಲ್ಲಿ "ಪಾಷಂಡಿಗಳಿಗಾಗಿ, ಸಭೆಯಿಂದ ಒಡೆದುಹೋದವರಿಗಾಗಿ" ಅಂತ ಇತ್ತು. 1960ರ ದಶಕದಲ್ಲಿ ಅದನ್ನು ಬದಲಾಯಿಸಿದರು. ಅಂದರೆ ಅಜ್ಜಿ ಮೊಣಕಾಲೂರಿ ಪ್ರಾರ್ಥಿಸಿದ ಆ ಪಾಷಂಡಿಗಳ ಪಟ್ಟಿಯಲ್ಲಿ ಮುಂದೆ ಮದುವೆಯಾಗಲಿದ್ದ ನಮ್ಮ ಮೇಷ್ಟ್ರೂ ಇದ್ದ! ನಗು ಬಂತು. ನಗುತ್ತಿದ್ದ ಹಾಗೇ ಚಿಕ್ಕಪ್ಪ ಕಣ್ಣಿಗೆ ಬಂದರು, ಮಣ್ಣಿನ ದಿನದ ಚಿಕ್ಕಪ್ಪ. ಅವರು ನಿಂತಿದ್ದು ಎಲ್ಲಿ? ಕಿಟಕಿ ಕೆಳಗೆ, ಆ ಕಲ್ಲುಬೆಂಚಿನ ಪಕ್ಕ. ಅಮ್ಮ ಮೂವತ್ತು ನಲವತ್ತು ವರ್ಷ ಕೂತ ಜಾಗ. ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ. ಅಜ್ಜಿ ಕೂತರೆ ಭಕ್ತಿ, ಚಿಕ್ಕಪ್ಪ ನಿಂತರೆ ಕೊಬ್ಬು ಅಂತ ನಾನೇ ತೀರ್ಪು ಕೊಟ್ಟುಬಿಟ್ಟಿದ್ದೆ. ಮೌನ ಮುಗಿದು ಎಲ್ಲರೂ ಎದ್ದರು. ನಾನು ಸ್ವಲ್ಪ ತಡವಾಗಿ ಎದ್ದೆ.

ಪೌಲ ಸೆರೆಯಲ್ಲಿ ಕೂತು ಎಫೆಸದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ನೋಡಿ. ಆತ್ಮನ ಐಕ್ಯವನ್ನು ಕಾಪಾಡಿಕೊಳ್ಳಿ ಅನ್ನುತ್ತಾನೆ. ಉಂಟುಮಾಡಿ ಅನ್ನುವುದಿಲ್ಲ. ಅದು ಕರ್ತನೇ ಕೊಟ್ಟಾಗಿದೆ. ನಾವು ಕೆಡಿಸದೆ ಇದ್ದರೆ ಸಾಕು. ಅದಕ್ಕೆ ಬೇಕಾದ್ದು ಅಂತ ಅವನು ಹೇಳುವುದೂ ದೊಡ್ಡದೇನಲ್ಲ: ದೀನತೆ, ಸಾತ್ವಿಕತೆ, ತಾಳ್ಮೆ, ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದು. ನಾವೋ ಅದನ್ನು ಹೊಸದಾಗಿ ತಯಾರಿಸಲು ಹೊರಡುತ್ತೇವೆ. ಐಕ್ಯತಾ ಕೂಟ ಅಂತ ಫ್ಲೆಕ್ಸ್ ಹಾಕುತ್ತೇವೆ. ಫ್ಲೆಕ್ಸಿನಲ್ಲಿ ಯಾರ ಫೋಟೋ ದೊಡ್ಡದು, ವೇದಿಕೆಯಲ್ಲಿ ಯಾರ ಕುರ್ಚಿ ಮಧ್ಯೆ ಅಂತ ಅಲ್ಲೇ ಮನಸ್ತಾಪ. ಶಾಲು ಹೊದಿಸಿ, ಗ್ರೂಪ್ ಫೋಟೋ ತೆಗೆಸಿ, ಮಾರನೇ ದಿನ ಆಸ್ತಿ ಕೇಸಿಗೆ ಕೋರ್ಟು. ನಾನೂ ಅಂಥ ಕೂಟದಲ್ಲಿ ಕುರ್ಚಿ ಹಾಕಿಸಿದವನೇ, ಹೊರಗಿನವನ ಹಾಗೆ ಬೈಯುತ್ತಿಲ್ಲ. ಭೇದ ಏನೂ ಇಲ್ಲ, ಎಲ್ಲಾ ಒಂದೇ ಅಂತ ತೇಲಿಸಿ ಹೇಳುವುದಂತೂ ನನಗೆ ಇನ್ನೂ ಜಾಸ್ತಿ ಬೇಜಾರು. ಭೇದ ಇದೆ. ಫಿಲೋಮಿನಾ ಚರ್ಚಿನಲ್ಲಿ ನನಗೆ ಸತ್ಪ್ರಸಾದ ಇಲ್ಲ, ಅದು ನೋಯುತ್ತೆ. ನೋಯಬೇಕು. ಅಜ್ಜಿ ಆ ನೋವನ್ನು ಇಲ್ಲ ಅನ್ನಲಿಲ್ಲ, ಅದನ್ನಿಟ್ಟುಕೊಂಡೇ ಹಂಡೆ ಏರಿಸಿದಳು.

ಶನಿವಾರ ಬೆಳಿಗ್ಗೆ ಅಟ್ಟದಿಂದ ಕ್ಯಾರಿಯರ್ ಇಳಿಸಿದೆ. "ಶುಕ್ರವಾರದ ಗಂಜಿ ಶನಿವಾರ ಕಾಯಿಸೋರು ನೀವೊಬ್ಬರೇ" ಅಂದಳು ಹೆಂಡತಿ. ನಾನೇ ಕಾಯಿಸಿದೆ. ತಳ ಸ್ವಲ್ಪ ಹಿಡಿಯಿತು. ಹಳೇ ರಸ್ತೆಯಲ್ಲೇ ಹೋದೆ. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಕ್ಯಾರಿಯರ್ ಅಲುಗಾಡದ ಹಾಗೆ ಒಂದು ಕೈ ಅದರ ಮೇಲಿಟ್ಟುಕೊಂಡಿದ್ದೆ. ಸುಡುತ್ತಿತ್ತು.

ಚಿಕ್ಕಪ್ಪನಿಗೆ ಎಪ್ಪತ್ತೇಳು. ಚಿಕ್ಕಮ್ಮ ಹೋಗಿ ಐದು ವರ್ಷ. ಬಾಗಿಲು ತೆಗೆದವರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕ್ಯಾರಿಯರ್ ನೋಡಿದರು. "ಅವ್ವಂದು" ಅಂದರು. ಅಷ್ಟೇ.

ಊಟಕ್ಕೆ ಮೊದಲು ಪ್ರಾರ್ಥನೆ ಮಾಡಿದರು. ಅವರ ಪದ್ಧತಿಯ ಹಾಗೆ ದೊಡ್ಡ ದನಿಯಲ್ಲಿ, ಸ್ತೋತ್ರ ಸ್ತೋತ್ರ ಅನ್ನುತ್ತಾ, ಉದ್ದಕ್ಕೆ. ಗಂಜಿ ಆರಿಹೋಯಿತು. ಮೊದಲ ತುತ್ತಿಗೇ "ಉಪ್ಪು ಜಾಸ್ತಿಯಾಯ್ತು ಕಣೋ" ಅಂದರು. "ಅವ್ವ ಆವಿಲೇ ನೋಡೋಳು." ದೀಕ್ಷಾಸ್ನಾನದ ಮಾತು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ನನ್ನದು ಲೆಕ್ಕಕ್ಕಿಲ್ಲ ಅಂತ ಅವರು ಈಗಲೂ ನಂಬಿದ್ದಾರೆ. ಅದು ತಪ್ಪು ಅಂತ ನಾನು ಈಗಲೂ ನಂಬಿದ್ದೇನೆ. ಇಬ್ಬರೂ ಎರಡೆರಡು ಲೋಟ ಕುಡಿದೆವು.

ಹೊರಡುವಾಗ ಕ್ಯಾರಿಯರ್ ಕೊಡಲಿಲ್ಲ, ತಡಿ ಅಂದರು. ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು. ಒಂದೊಂದೇ ತೆಗೆದು ಮುಚ್ಚುತ್ತಿದ್ದರು. "ಸಕ್ಕರೆ ಕಾಯಿಲೆ ಬಂದಮೇಲೆ ಮನೇಲಿ ಬೆಲ್ಲವೇ ಇಟ್ಟಿಲ್ಲ" ಅಂತ ಗೊಣಗಿದರು. ಬೇಡ ಚಿಕ್ಕಪ್ಪ ಅಂದೆ. ಕೇಳಲಿಲ್ಲ. ಹಿತ್ತಿಲಿಗೆ ಹೋದರು. ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಕರಿಬೇವಿನ ಕೊಂಬೆ ಬಗ್ಗಿಸಿ, ಎಳೆಯ ಎಸಳು ಆರಿಸಿ ಆರಿಸಿ ಕಿತ್ತರು. ಎರಡೂ ಡಬ್ಬಿ ತುಂಬಿತು, ಮುಚ್ಚಳ ಕೂರಲಿಲ್ಲ. ಅಂಗೈಯಿಂದ ಒತ್ತಿ, ಕ್ಯಾರಿಯರ್ ಕಂಬಿ ಸಿಕ್ಕಿಸಿ ಕೊಟ್ಟರು.

ಮೈಸೂರು ತಲುಪುವವರೆಗೂ ಕಾರಿನ ತುಂಬ ಕರಿಬೇವಿನ ವಾಸನೆ.